ಕಡಿಯಾಳಿಯ ಬೆಕ್ಕಿನ ಆಹಾರದ ಅಂಗಡಿ: ಸಲಹೆಗೆ ಪೂರ್ಣ ಅಂಕ, ಬಿಡಿ ಮಾರಾಟಕ್ಕೆ ಅಂಕವಿಲ್ಲ

ಉಡುಪಿಯ ಕಲ್ಸಂಕದಿಂದ ಕಡಿಯಾಳಿಯ ಕಡೆಗೆ ಹೋಗುವ ರಸ್ತೆಯಲ್ಲಿರುವ ಈ ಅಂಗಡಿ ತೀರಾ ಚಿಕ್ಕದು. ವಾಹನ ನಿಲ್ಲಿಸಲು ಜಾಗವಿಲ್ಲ. ಸಂಜೆಯ ಹೊತ್ತು ಒಳಗೆ ಇಬ್ಬರು ನಿಂತರೆ ಮೂರನೆಯವರು ಮೆಟ್ಟಿಲ ಮೇಲೆಯೇ ಕಾಯಬೇಕು. ಆದರೂ ಬೆಕ್ಕಿಗೆ ಯಾವ ಆಹಾರ ತರಬೇಕೆಂದು ಯಾರಾದರೂ ಕೇಳಿದರೆ ನಾನು ಕಳಿಸುವುದು ಇಲ್ಲಿಗೇ. ಇಲ್ಲಿಯ ಮಾಲೀಕರು ಪೊಟ್ಟಣವನ್ನು ಗಿರಾಕಿಯ ಕೈಗೆ ಕೊಡುವಾಗ ಹಿಂಬದಿಯನ್ನು ಮೇಲೆ ಮಾಡಿಯೇ ಕೊಡುತ್ತಾರೆ. “ಚಿತ್ರ ಆಮೇಲೆ ನೋಡುವ ಮಾರಾಯ್ರೇ, ಮೊದಲು ಇದನ್ನು ಓದಿ” ಎಂಬುದು ಅವರ ವಾಡಿಕೆಯ ಮಾತು.

ಓದಬೇಕಾದದ್ದು ಅಲ್ಲಿ ನಿಜಕ್ಕೂ ಇದೆ. ಒಣ ಆಹಾರದ ಪೊಟ್ಟಣದ ಮೇಲೆ ಶೇ. 30 ಪ್ರೋಟೀನ್ ಎಂದೂ ಗ್ರೇವಿಯ ಪೌಚಿನ ಮೇಲೆ ಶೇ. 9 ಎಂದೂ ಮುದ್ರಿಸಿದ್ದರೆ, ಯಾರಿಗಾದರೂ ಮೊದಲನೆಯದೇ ಪುಷ್ಟಿಕರವೆಂದು ತೋರುವುದು ಸಹಜ. ಆದರೆ ಆ ಪೌಚಿನ ತೇವಾಂಶ ಶೇ. 82 ಇದ್ದರೆ, ನೂರು ಗ್ರಾಂನಲ್ಲಿ ನೀರನ್ನು ಕಳೆದು ಉಳಿಯುವುದು 18 ಗ್ರಾಂ ಮಾತ್ರ, ಅದರಲ್ಲಿ 9 ಗ್ರಾಂ, ಎಂದರೆ ಅರ್ಧದಷ್ಟು, ಪ್ರೋಟೀನ್. ಶೇ. 10 ತೇವಾಂಶವಿರುವ ಒಣ ಆಹಾರದಲ್ಲಿ ಇದೇ ಲೆಕ್ಕ ಹಾಕಿದರೆ ಸಿಗುವುದು ಶೇ. 33ರಷ್ಟು. ಅಮೆರಿಕದ ಪಶು ಆಹಾರ ನಿಯಂತ್ರಣ ಅಧಿಕಾರಿಗಳ ಸಂಘವಾದ ಆಫ್ಕೋದ ಮಾನದಂಡದ ಪ್ರಕಾರ, ನೀರು ಕಳೆದ ಲೆಕ್ಕದಲ್ಲಿ ಬೆಳೆದ ಬೆಕ್ಕಿಗೆ ಕನಿಷ್ಠ ಶೇ. 26, ಮರಿಗೆ ಶೇ. 30 ಪ್ರೋಟೀನ್ ಇರಬೇಕು. ಹಾಗಾಗಿ ಎರಡೂ ತೇರ್ಗಡೆಯೇ. ನೀರು ಕಡಿಮೆ ಕುಡಿಯುವ ಬೆಕ್ಕಿಗೆ ಪೌಚು ಮೇಲು, ಕಿಸೆಗೆ ಒಣ ಆಹಾರ ಮೇಲು. ಎರಡನ್ನೂ ಸೇರಿಸಿ ಕೊಡಬಹುದೆಂದು ಹೇಳುವ ಈ ಅಂಗಡಿಯವರು ದುಬಾರಿಯದನ್ನೇ ದಾಟಿಸಲು ನೋಡುವುದಿಲ್ಲ.

ನಮ್ಮ ಕಡೆಯ ಅಭ್ಯಾಸಗಳನ್ನು ಅವರು ಬಲ್ಲರು ಎಂಬುದು ಇನ್ನೊಂದು ಅನುಕೂಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದು ಮಲ್ಪೆಯ ಮೀನು ತುಟ್ಟಿಯಾದಾಗ, ಅಲ್ಲಿಯವರೆಗೆ ಕುಚ್ಚಲಕ್ಕಿ ಅನ್ನ ಮತ್ತು ಬೂತಾಯಿಯಲ್ಲಿ ಬೆಳೆದ ಬೆಕ್ಕುಗಳ ಯಜಮಾನರು ಇಲ್ಲಿಗೆ ಬರುತ್ತಾರೆ. ಮೀನು ಕೆಟ್ಟದ್ದಲ್ಲ; ಆದರೆ ಕೆಲವು ಜಾತಿಯ ಹಸಿ ಮೀನಿನಲ್ಲಿರುವ ಕಿಣ್ವ ಬಿ1 ಜೀವಸತ್ವವನ್ನು ನಾಶಮಾಡುವುದರಿಂದ ಬೇಯಿಸಿಯೇ ಹಾಕಬೇಕು, ಮತ್ತು ಅದೊಂದನ್ನೇ ಊಟವಾಗಿಸಬಾರದು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರಿನ ಮೀನಂತೂ ಬೇಡವೇ ಬೇಡ, ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ. ಸಸ್ಯಾಹಾರಿ ಮನೆಗಳವರು ಕೇಳುವ ಪ್ರಶ್ನೆ ಬೇರೆ: ಮೊಸರನ್ನ ಸಾಲದೇ? ಸಾಲದು. ಟಾರಿನ್ ಎಂಬ ಅಂಶವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಮಾಂಸ, ಮೀನುಗಳಿಂದಲೋ ಆಹಾರಕ್ಕೆ ಬೆರೆಸಿದ ಟಾರಿನ್‌ನಿಂದಲೋ ಬರಬೇಕು. ಅದರ ಕೊರತೆಯಿಂದ ಕಣ್ಣಿನ ಅಕ್ಷಿಪಟಲ ಕ್ಷಯಿಸುತ್ತದೆ, ಹೃದಯದ ಸ್ನಾಯು ದುರ್ಬಲಗೊಳ್ಳುತ್ತದೆ. ಈ ಹೃದಯರೋಗದ ನಂಟು 1987ರಲ್ಲಿ ಖಚಿತವಾದ ಬಳಿಕ ಕಂಪನಿಗಳು ತಮ್ಮ ಆಹಾರದಲ್ಲಿ ಟಾರಿನ್ ಪ್ರಮಾಣವನ್ನು ಹೆಚ್ಚಿಸಿದವು. ಮನೆಯಲ್ಲಿ ಮಾಂಸ ತರದವರಿಗೆ ಪೊಟ್ಟಣದ ಆಹಾರವೇ ಮರ್ಯಾದೆಯ ದಾರಿ ಎಂದು ನನಗನ್ನಿಸುತ್ತದೆ.

ನನ್ನ ತಕರಾರು ಬಾಗಿಲ ಬಳಿಯ ಗೋಣಿಯ ಬಗ್ಗೆ. ದೊಡ್ಡ ಚೀಲವನ್ನು ಬಿಚ್ಚಿ, ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಅರ್ಧ ಕಿಲೋ, ಒಂದು ಕಿಲೋ ಕಟ್ಟಿ ಮಾರುತ್ತಾರೆ. ಅದರ ಮೇಲೆ ತಯಾರಿಕೆಯ ದಿನಾಂಕವಿಲ್ಲ, ಪದಾರ್ಥಗಳ ಪಟ್ಟಿಯಿಲ್ಲ; ಓದಿ ಎಂದು ಒತ್ತಾಯಿಸುವವರೇ ಓದಲು ಏನೂ ಇಲ್ಲದ್ದನ್ನು ಮಾರುವುದು ವಿಚಿತ್ರ. ಮಳೆಗಾಲದಲ್ಲಿ ಹೀಗೆ ಕಟ್ಟಿದ ಆಹಾರವನ್ನು ನಾನು ತಂದಾಗ ಕಾಳುಗಳು ಬೆರಳಿಗೆ ಮೆತ್ತಗೆ ತಾಗಿದವು, ಹಳೆಯ ಎಣ್ಣೆಯ ಕಮಟು ವಾಸನೆ ಬಂತು, ಬೆಕ್ಕು ಮೂಸಿ ತಿರುಗಿ ಹೋಯಿತು. ಕರಾವಳಿಯ ತೇವಕ್ಕೆ ತೆರೆದ ಕೊಬ್ಬಿನಂಶ ಕೆಡುವುದು ಬೇಗ, ಬೂಸ್ಟು ಹಿಡಿಯುವುದೂ ಬೇಗ. ಗೋಣಿಯದು ಅಗ್ಗವೆಂಬುದು ನಿಜ. ಆದರೂ ಮೊಹರಾದ ಚಿಕ್ಕ ಪೊಟ್ಟಣವನ್ನೇ ಕೇಳಿ ಪಡೆಯುವುದು ಲೇಸು. ದಾಸ್ತಾನು ಇದ್ದರೆ ಕೊಡುತ್ತಾರೆ, ಮುದ್ರಿತ ಬೆಲೆಯಲ್ಲಿ ಸ್ವಲ್ಪ ಬಿಡುತ್ತಾರೆ ಕೂಡ.

ಗಂಡು ಬೆಕ್ಕಿಗೆ ಮೂತ್ರ ಕಟ್ಟುವ ತೊಂದರೆಗೆಂದು ಬರುವ ವಿಶೇಷ ಆಹಾರವನ್ನು ಮಾತ್ರ ಇವರು ಪಶುವೈದ್ಯರ ಚೀಟಿಯಿಲ್ಲದೆ ಕೊಡುವುದಿಲ್ಲ. ಚೀಟಿ ಇಲ್ಲದೆ ಬಂದವರೊಬ್ಬರು ಸಿಟ್ಟಾಗಿ ಹೊರಟುಹೋದದ್ದನ್ನು ನಾನೇ ಕಂಡಿದ್ದೇನೆ. ಮೂತ್ರ ಪೂರ್ತಿ ಕಟ್ಟಿದ ಬೆಕ್ಕು ಒಂದೆರಡು ದಿನಗಳಲ್ಲೇ ಸಾಯಬಹುದಾದ್ದರಿಂದ, ಅಂಗಡಿಯವರು ಅಂದು ಅವರನ್ನು ಆಸ್ಪತ್ರೆಗೆ ಅಟ್ಟಿದ್ದೇ ಸರಿ.