ಕಥೆ ಕೇಳಿಸುವುದೋ, ಅಚ್ಚುಮನೆ ತೋರಿಸುವುದೋ?

ಮಗುವಿಗೆ 5 ತುಂಬಿಲ್ಲವೆಂದರೆ ಲೇಖಕರ ಕಥಾವಾಚನವೇ ಸರಿ. ಬಾಗಿಲ ಪಕ್ಕ ಜಾಗ ಹಿಡಿಯಿರಿ, ನಡುವೆ ಎದ್ದು ಬರುವುದು ಸುಲಭ. ಹಸ್ತಾಕ್ಷರದ ಸಾಲು ಓದಿಗಿಂತ ಉದ್ದವಿದ್ದೀತು. ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಕಾಗುಣಿತ ತಪ್ಪುವುದಿಲ್ಲ.

8 ದಾಟಿದವರಿಗೆ ಮುದ್ರಣಾಲಯವೇ ಹಬ್ಬ. ಸಯಾನ್ (ಹಸಿರು ಬೆರೆತ ನೀಲಿ), ಮಜೆಂಟಾ (ನೇರಳೆ ಛಾಯೆಯ ಕೆಂಪು), ಹಳದಿ, ಕಪ್ಪು, ಸಾಮಾನ್ಯವಾಗಿ ಈ ನಾಲ್ಕೇ ಶಾಯಿಯಲ್ಲಿ ಬಣ್ಣದ ಚಿತ್ರವೆಲ್ಲ ಮೂಡುತ್ತದೆ. ಭೂತಗನ್ನಡಿ ಒಯ್ದರೆ ಈ ಶಾಯಿಗಳ ಚುಕ್ಕಿಗಳು ಬಿಡಿಬಿಡಿಯಾಗಿ ಕಾಣುತ್ತವೆ. ಚುಕ್ಕಿ ಕೂದಲೆಳೆಯಷ್ಟು ಸರಿದರೂ ಚಿತ್ರ ಮಸುಕು. ಹಾಳೆಯ ಎರಡೂ ಬದಿಗೆ ತಲಾ 8 ಪುಟ ಅಚ್ಚು ಹಾಕಿ 3 ಸಲ ಮಡಿಸಿದರೆ 16 ಪುಟ. ಬಿಡಿಸಿದ ಹಾಳೆಯಲ್ಲಿ ಅರ್ಧ ಪುಟಗಳು ತಲೆಕೆಳಗಾಗಿರುವುದು ಇದಕ್ಕೇ. ಕಾಲು ಮುಚ್ಚುವ ಶೂ ಹಾಕಿಸಿ, ಜೋಲುವ ಬಟ್ಟೆ ಬೇಡ. ಯಂತ್ರ ಓಡುವ ದಿನವೇ ಎಂದು ಕೇಳಿಕೊಂಡೇ ಹೊರಡಿ.