ಲಂಡನ್ ಟೂರ್ ಜೊತೆ ಫುಟ್‌ಬಾಲ್ ಮ್ಯಾಚ್ ಟಿಕೆಟ್ ಕೊಡಿಸ್ತೀವಿ ಅನ್ನೋರಿಗೆ ದುಡ್ಡು ಹಾಕೋ ಮುಂಚೆ ದಯವಿಟ್ಟು ಇದನ್ನ ಓದಿ

ಮೊದಲು ವಿಷಯ ಹೇಳಿಬಿಡ್ತೀನಿ. ಲಂಡನ್‌ನಲ್ಲಿ ಪ್ರೀಮಿಯರ್ ಲೀಗ್ (ಇಂಗ್ಲೆಂಡಿನ ದೊಡ್ಡ ಫುಟ್‌ಬಾಲ್ ಲೀಗ್) ಮ್ಯಾಚಿಗೆ ಟಿಕೆಟ್ ಕೊಡಿಸ್ತೀನಿ ಅಂತ ಬೆಂಗಳೂರಿನ ಒಬ್ಬ ಟೂರ್ ಏಜೆಂಟ್ ನಮ್ಮ ಹತ್ರ 1,36,000 ರೂಪಾಯಿ ತಗೊಂಡ. ನಾವು ಸ್ಟೇಡಿಯಂ ಗೇಟಿನ ತನಕ ಹೋಗಿ ವಾಪಸ್ ಬಂದ್ವಿ. ಮ್ಯಾಚ್ ನೋಡ್ಲಿಲ್ಲ. ದುಡ್ಡೂ ಬರ್ಲಿಲ್ಲ. ದೂರು ಕೊಟ್ಟಿದ್ದೀವಿ, ಹಾಗಾಗಿ ಅವನ ಹೆಸರು ಇಲ್ಲಿ ಬರೆಯಲ್ಲ. ಆದ್ರೆ ಹೇಗೆ ಮೋಸ ಮಾಡ್ತಾರೆ ಅನ್ನೋದನ್ನ ಒಂದೂ ಬಿಡದೆ ಬರೀತೀನಿ. ನಮ್ಮ ಥರ ಮಕ್ಕಳನ್ನ ಕರ್ಕೊಂಡು ಹೋಗೋ ಯೋಚನೆ ಇರೋರು ತುಂಬಾ ಜನ ಇದ್ದೀರಿ ಅಂತ ನನಗೆ ಗೊತ್ತು.

ಇದನ್ನ ಬರೆಯೋಕೆ ನನಗೆ ನಾಚಿಕೆ ಆಗ್ತಿದೆ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡೋಳು. ಕೌಂಟರಿಗೆ ಬಂದ ವಯಸ್ಸಾದವರಿಗೆ "ಗುರುತು ಪರಿಚಯ ಇಲ್ಲದವರಿಗೆ ದುಡ್ಡು ಹಾಕ್ಬೇಡಿ ಅಜ್ಜಾರೆ" ಅಂತ ದಿನಾ ಹೇಳ್ತೀನಿ. ನಾನೇ ಹಾಕಿದೆ. ಎರಡು ಸಲ ಹಾಕಿದೆ.

ನಾವು ದಾವಣಗೆರೆಯವರು. ಮಗನಿಗೆ ಹದಿಮೂರು ವರ್ಷ, ಲಂಡನ್ನಿನ ಆರ್ಸೆನಲ್ ಫುಟ್‌ಬಾಲ್ ಕ್ಲಬ್ ಅಂದ್ರೆ ಪ್ರಾಣ. ರಾತ್ರಿ ಹನ್ನೆರಡಾದರೂ ಕೂತು ಮ್ಯಾಚ್ ನೋಡ್ತಾನೆ. ಎರಡು ವರ್ಷ ಚೀಟಿ ಹಾಕಿ ಕೂಡಿಟ್ಟ ದುಡ್ಡಲ್ಲಿ ಬೇಸಿಗೆ ರಜೆಗೆ ಲಂಡನ್ ಅಂತ ತೀರ್ಮಾನ ಆಯ್ತು. ಮಗಳಿಗೆ ಮ್ಯೂಸಿಯಂನ ಡೈನೋಸಾರ್, ನಮ್ಮ ಅತ್ತೆಗೆ ಥೇಮ್ಸ್ ದಡದ ಬಸವಣ್ಣನ ಪುತ್ಥಳಿ, ಮಗನಿಗೆ ಆರ್ಸೆನಲ್‌ನವರ ಎಮಿರೇಟ್ಸ್ ಸ್ಟೇಡಿಯಂನಲ್ಲಿ ಒಂದು ಮ್ಯಾಚ್. ನನಗೂ ನಮ್ಮ ಮನೆಯವರಿಗೂ ಈ ಮೂವರ ಖುಷಿ ನೋಡಿದ್ರೆ ಸಾಕಿತ್ತು.

ನಮ್ಮ ಸಹೋದ್ಯೋಗಿಯೊಬ್ಬರು ಇದೇ ಏಜೆಂಟ್ ಕಡೆಯಿಂದ ದುಬೈಗೆ ಹೋಗಿ ಬಂದಿದ್ರು. ತೊಂದರೆ ಆಗಿರ್ಲಿಲ್ಲ. ಜನವರಿಯಲ್ಲಿ ಫೋನ್ ಮಾಡಿದೆ. "ಮೇಡಂ, ಮ್ಯಾಚ್ ಟಿಕೆಟ್ ನಮಗೆ ಕಡ್ಲೆಪುರಿ ಇದ್ದಂಗೆ. ಕ್ಲಬ್ಬಲ್ಲೇ ನಮ್ಮವ್ರು ಇದ್ದಾರೆ" ಅಂದ. ತಲೆಗೆ 34,000, ನಾಲ್ಕು ಟಿಕೆಟ್, ನಾಲ್ಕೂ ಅಕ್ಕಪಕ್ಕ. ಅತ್ತೆ ಹೋಟೆಲಲ್ಲೇ ಇರ್ತೀನಿ ಅಂದಿದ್ರು. ಮೊದಲು 60,000 ಹಾಕಿದೆ, ಮಾರ್ಚಲ್ಲಿ ಉಳಿದ 76,000. ಎರಡೂ ಸಲ ಕಂಪನಿ ಖಾತೆಗಲ್ಲ, ಯಾವುದೋ ಹೆಣ್ಣುಮಗಳ ಹೆಸರಿನ ಯುಪಿಐಗೆ. ಬಿಲ್ ಕೇಳಿದೆ. "ಬಿಲ್ ಬೇಕಂದ್ರೆ ಜಿಎಸ್‌ಟಿ ಸೇರುತ್ತೆ ಮೇಡಂ, ಸುಮ್ನೆ ನಿಮಗೇ ಲಾಸು" ಅಂದ. ಅಲ್ಲೇ ನಾನು ಎದ್ದು ನಿಲ್ಲಬೇಕಿತ್ತು. ಬ್ಯಾಂಕಿನೋಳು ನಾನು.

ಮ್ಯಾಚ್ ಶನಿವಾರ ಮಧ್ಯಾಹ್ನ ಮೂರಕ್ಕೆ, "ನೂರಕ್ಕೆ ನೂರು ಕನ್ಫರ್ಮ್" ಅಂದಿದ್ದ. ಅದನ್ನ ನಂಬಿ ಭಾನುವಾರ ರಾತ್ರಿ ವಾಪಸ್ ಬರೋ ವಿಮಾನ ಬುಕ್ ಮಾಡಿದ್ವಿ. ಮಾರ್ಚಲ್ಲಿ ಮಗ ಫೋನ್ ಹಿಡ್ಕೊಂಡು ಓಡಿ ಬಂದ, "ಅಮ್ಮಾ, ಮ್ಯಾಚ್ ಭಾನುವಾರ ಸಂಜೆ ನಾಲ್ಕೂವರೆಗೆ ಹೋಗಿದೆ." ಇಂಗ್ಲೆಂಡಲ್ಲಿ ಇದು ಮಾಮೂಲಂತೆ. ಶನಿವಾರ ಮಧ್ಯಾಹ್ನ ಮೂರರ ಮ್ಯಾಚನ್ನ ಅಲ್ಲಿನ ಟಿವಿಯಲ್ಲಿ ಲೈವ್ ತೋರಿಸೋ ಹಾಗಿಲ್ಲ. ಆದ್ದರಿಂದ ಟಿವಿಯವರು ಆರಿಸಿಕೊಂಡ ಮ್ಯಾಚ್‌ಗಳೆಲ್ಲ ಬೇರೆ ಹೊತ್ತಿಗೆ, ಬೇರೆ ದಿನಕ್ಕೆ ಹೋಗ್ತವೆ. ಜೂನ್‌ನಲ್ಲಿ ಬರೋ ವೇಳಾಪಟ್ಟಿ ಕೊನೇ ಮಾತಲ್ಲ. ಇದು ಹದಿಮೂರು ವರ್ಷದ ಹುಡುಗನಿಗೆ ಗೊತ್ತಿದೆ, ಟಿಕೆಟ್ ಮಾರೋನಿಗೆ ಗೊತ್ತಿರ್ಲಿಲ್ವಾ? ಕೇಳಿದ್ದಕ್ಕೆ ಬಂದ ಉತ್ತರ: "ಒಳ್ಳೇದೇ ಆಯ್ತಲ್ಲ ಮೇಡಂ, ಒಂದು ದಿನ ಜಾಸ್ತಿ ಲಂಡನ್ ನೋಡಿ." ಆ ಒಂದು ದಿನಕ್ಕೆ ಐದು ಜನರ ವಿಮಾನ ಬದಲಾವಣೆ 55,000, ಎರಡು ರೂಮಿಗೆ 28,000. ನಮ್ಮ ಕೈಯಿಂದ.

ಇನ್ನೊಂದು ಸಣ್ಣದು, ಆದ್ರೂ ಹೇಳ್ತೀನಿ. ಟ್ಯೂಬ್ ರೈಲಿಗೆ (ಲಂಡನ್ನಿನ ಮೆಟ್ರೋ) ಅಂತ ಐದೂ ಜನಕ್ಕೆ ಕಾರ್ಡಿನ ದುಡ್ಡು ಹಿಡಿದಿದ್ದ. ಮಗಳಿಗೆ ಎಂಟು ವರ್ಷ. ಹನ್ನೊಂದು ವರ್ಷದ ಒಳಗಿನ ಮಕ್ಕಳು ದೊಡ್ಡವರ ಜೊತೆ ಹೋದ್ರೆ ಟ್ಯೂಬಲ್ಲಿ ಟಿಕೆಟ್ಟೇ ಬೇಡ ಅಂತ ಅಲ್ಲಿ ಸ್ಟೇಷನ್ ಸಿಬ್ಬಂದಿ ಹೇಳಿದ ಮೇಲೆ ಗೊತ್ತಾಯ್ತು.

ಊರು ಚೆನ್ನಾಗಿತ್ತು. ಅದನ್ನ ಸುಳ್ಳು ಹೇಳಲ್ಲ. ಶನಿವಾರ ಬೆಳಿಗ್ಗೆ ಲ್ಯಾಂಬೆತ್‌ನಲ್ಲಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನ ಬಸವಣ್ಣನ ಹತ್ರ ಹೋದ್ವಿ. 2015ರ ನವೆಂಬರಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ್ದು ಅದು. ಅತ್ತೆ ದಾವಣಗೆರೆಯಿಂದ ತಂದಿದ್ದ ವಿಭೂತಿ ತೆಗೆದು ಹಣೆಗೆ ಹಚ್ಚಿಕೊಂಡ್ರು, ಮೊಮ್ಮಕ್ಕಳಿಬ್ಬರ ಕೈಲೂ ಶಾಲೆಯಲ್ಲಿ ಕಲಿತ ವಚನ ಹೇಳಿಸಿದ್ರು. ಹಿಂದೆ ನದಿ, ಗಾಳಿ, ಅತ್ತೆಯ ಸೆರಗು ಹಾರ್ತಾ ಇತ್ತು. ಆ ಬೆಳಿಗ್ಗೆ ನೆನೆಸಿಕೊಂಡ್ರೆ ಮರುದಿನ ನಾನು ಮಾಡಿದ್ದು ಇನ್ನೂ ಚುಚ್ಚುತ್ತೆ.

ಟಿಕೆಟ್ "ಮ್ಯಾಚಿನ ಒಂದು ವಾರ ಮುಂಚೆ" ಅಂದಿದ್ದ. ಆಮೇಲೆ "ಎರಡು ದಿನ ಮುಂಚೆ" ಆಯ್ತು. ಶನಿವಾರ ರಾತ್ರಿ "ನಾಳೆ ಬೆಳಿಗ್ಗೆ ಮೇಡಂ, ಅದೇ ಪ್ರೊಸೀಜರ್." ಪ್ರೊಸೀಜರ್, ಪ್ರೊಸೀಜರ್. ಈ ಒಂದು ಪದವನ್ನ ಅವನ ಬಾಯಲ್ಲಿ ಎಷ್ಟು ಸಲ ಕೇಳಿದೀನೋ. ಭಾನುವಾರ ಹನ್ನೊಂದಕ್ಕೆ ವಾಟ್ಸಾಪಲ್ಲಿ ಎರಡು ಲಿಂಕ್ ಬಂತು. ನಾಲ್ಕಲ್ಲ, ಎರಡು. ಒತ್ತಿದ್ರೆ ಫೋನಿನ ವ್ಯಾಲೆಟ್ಟಲ್ಲಿ ಪಾಸ್ ಕೂತ್ಕೊಳ್ತು. ಒಂದರ ಮೇಲೆ ಯಾರೋ ಇಂಗ್ಲಿಷ್ ಹೆಸರು, ಕೆಳಗೆ ಸೀನಿಯರ್ ಅಂತ, ಅಂದ್ರೆ ವಯಸ್ಸಾದವರ ಟಿಕೆಟ್. ಇನ್ನೊಂದರ ಮೇಲೆ ಬೇರೆ ಹೆಸರು, ಜೂನಿಯರ್ ಅಂತ. ನಮ್ಮ ಮನೆಯವರಿಗೆ ನಲವತ್ತೈದು. ಇದ್ಯಾಕೆ ಹೀಗೆ ಅಂತ ಫೋನ್ ಮಾಡಿದೆ.

"ಅದೆಲ್ಲ ಯಾರೂ ನೋಡಲ್ಲ ಮೇಡಂ. ಅಕಸ್ಮಾತ್ ಕೇಳಿದ್ರೆ ಫ್ರೆಂಡ್ ಕೊಟ್ಟಿದ್ದು ಅನ್ನಿ. ಮಗನಿಗೆ ಆ ಪಾಸ್ ಮೇಲಿರೋ ಹೆಸರು ಹೇಳ್ಕೊಟ್ಬಿಡಿ, ಅಷ್ಟೇ."

"ಇನ್ನೆರಡು?"

"ದಾರಿಲಿದೆ ಮೇಡಂ. ನೀವು ಗೇಟ್ ಹತ್ರ ಹೋಗಿ."

ನಾನು ಹೇಳಿಕೊಟ್ಟೆ. ಇದನ್ನ ಬರೆಯೋದೇ ಕಷ್ಟ. ಹೋಟೆಲ್ ರೂಮಲ್ಲಿ ಮಂಚದ ಮೇಲೆ ಮಗನನ್ನ ಕೂರಿಸಿಕೊಂಡು, "ಯಾರಾದ್ರೂ ಕೇಳಿದ್ರೆ ಈ ಹೆಸರು ಹೇಳು" ಅಂತ ಹೇಳಿಕೊಟ್ಟೆ. "ಯಾಕಮ್ಮಾ?" ಅಂದ. "ಇಲ್ಲಿ ಹಂಗೇ ಕಣೋ" ಅಂದೆ. ಇಷ್ಟು ದುಡ್ಡು ಹಾಕಿಯಾಗಿದೆ, ಹುಡುಗ ಇಷ್ಟು ದಿನ ಕಾದಿದ್ದಾನೆ. ಅದೇ ತಲೇಲಿತ್ತು.

ಪಿಕಡಿಲಿ ಲೈನಲ್ಲಿ ಆರ್ಸೆನಲ್ ಸ್ಟೇಷನ್ನಿಗೆ ಹೋದ್ವಿ. ಪ್ಲಾಟ್‌ಫಾರಂ ಗೋಡೆಯ ಹೆಂಚಿನಲ್ಲಿ ಇನ್ನೂ ಗಿಲೆಸ್ಪಿ ರೋಡ್ ಅನ್ನೋ ಹಳೇ ಹೆಸರಿದೆ. 1932ರಲ್ಲಿ ಕ್ಲಬ್ಬಿನ ಹೆಸರು ಇಟ್ರು ಅಂತ ಮಗ ನಮಗೆಲ್ಲ ಹೇಳ್ತಾ ಬಂದ. ಹೊರಗೆ ಕೆಂಪು ಜರ್ಸಿಗಳ ಹೊಳೆ. ಸೇತುವೆ ಹತ್ರ ಕ್ಲಬ್ಬಿನ ಹೆಸರಿನ ದೊಡ್ಡ ಕಾಂಕ್ರೀಟ್ ಅಕ್ಷರಗಳಿವೆ, ಅದರ ಮುಂದೆ ನಿಂತು ನಾಲ್ಕೂ ಜನ ಫೋಟೊ ತೆಗೆಸಿಕೊಂಡ್ವಿ. ಏಜೆಂಟ್ "ಒಂದು ಫೋಟೊ ಹಾಕಿ ಮೇಡಂ, ಖುಷಿ ಆಗುತ್ತೆ" ಅಂದ. ಹಾಕಿದೆ. ಈ ಫೋಟೊ ವಿಷಯ ನೆನಪಿಟ್ಟುಕೊಳ್ಳಿ.

ನಾಲ್ಕು ಗಂಟೆ ಆದ್ರೂ ಇನ್ನೆರಡು ಟಿಕೆಟ್ ಬರ್ಲಿಲ್ಲ. ಕೊನೆಗೆ "ಅಪ್ಪ-ಮಗ ಹೋಗ್ಲಿ, ಅಷ್ಟಾದ್ರೂ ಆಗ್ಲಿ" ಅಂದುಕೊಂಡ್ವಿ. ನಮ್ಮ ಮನೆಯವರು ಗೇಟಿನ ಯಂತ್ರಕ್ಕೆ ಫೋನ್ ಹಿಡಿದ್ರು. ಕೆಂಪು ದೀಪ. ಮತ್ತೆ ಹಿಡಿದ್ರು. ಕೆಂಪು. ಹಿಂದೆ ಕ್ಯೂ ನಿಂತಿದೆ. ಹೊಳೆಯೋ ಜಾಕೆಟ್ ಹಾಕಿದ್ದ ಒಬ್ಬ ಹಿರಿಯರು ಬಂದು ಫೋನ್ ನೋಡಿದ್ರು, ಇವರ ಮುಖ ನೋಡಿದ್ರು. ಆಮೇಲೆ ಮಗನ ಕಡೆ ಸ್ವಲ್ಪ ಬಗ್ಗಿ, ಜೋರು ಮಾಡದೆ, "ನಿನ್ನ ಹೆಸರೇನಪ್ಪಾ?" ಅಂತ ಇಂಗ್ಲಿಷಲ್ಲಿ ಕೇಳಿದ್ರು.

ಮಗ ನನ್ನ ಕಡೆ ತಿರುಗಿ ನೋಡಿದ. ನಾನು ತಂತಿ ಆಚೆ ನಿಂತಿದ್ದೆ. ಕುತ್ತಿಗೆಗೆ ಸುತ್ತಿದ್ದ ಕೆಂಪು ಸ್ಕಾರ್ಫಿನ ತುದಿಯನ್ನ ಎರಡೂ ಕೈಯಲ್ಲಿ ಹಿಡ್ಕೊಂಡಿದ್ದ. ಒಂದೆರಡು ಕ್ಷಣ ಸುಮ್ಮನಿದ್ದು ತನ್ನ ನಿಜವಾದ ಹೆಸರು ಹೇಳಿದ.

ಅಲ್ಲಿಗೆ ಮುಗೀತು. ಟಿಕೆಟ್ ಕಚೇರಿಗೆ ಕಳಿಸಿದ್ರು. ಅಲ್ಲಿನ ಹೆಣ್ಣುಮಗಳು ತುಂಬಾ ತಾಳ್ಮೆಯಿಂದ ವಿವರಿಸಿದ್ರು. ಆ ಪಾಸ್‌ಗಳು ಯಾರೋ ಸದಸ್ಯರ ಖಾತೆಯವು, ಆಗಲೇ ರದ್ದಾಗಿವೆ. ಕ್ಲಬ್ ಟಿಕೆಟ್ ಕೊಡೋದು ಸದಸ್ಯರಿಗೆ, ಅದೂ ಲಾಟರಿ ಎತ್ತಿ. ಯಾರಿಗಾದ್ರೂ ಬರೋಕಾಗದಿದ್ರೆ ಕ್ಲಬ್ಬಿನದೇ ಎಕ್ಸ್‌ಚೇಂಜ್‌ನಲ್ಲಿ ವಾಪಸ್ ಕೊಡಬೇಕು. ಮಧ್ಯದಲ್ಲಿ ಬೇರೆಯವರು ಮಾರೋದು ಆ ದೇಶದಲ್ಲಿ ಅಪರಾಧ, 1994ರ ಕಾನೂನಿನ 166ನೇ ಕಲಂ ಪ್ರಕಾರ. ನಾಟಕದ ಟಿಕೆಟ್ಟಿಗೂ ಕ್ರಿಕೆಟ್ ಟಿಕೆಟ್ಟಿಗೂ ಇಲ್ಲದ ಕಾನೂನು ಫುಟ್‌ಬಾಲಿಗೆ ಮಾತ್ರ ಇದೆ. ಎರಡು ತಂಡದ ಅಭಿಮಾನಿಗಳು ಒಂದೇ ಕಡೆ ಬೆರೆತು ಗಲಾಟೆ ಆಗಬಾರದು ಅಂತ ಮಾಡಿದ್ದು. ಕೊಂಡ ನಮ್ಮ ಮೇಲೆ ಕೇಸಿಲ್ಲ, ಆದ್ರೆ ಒಳಗೆ ಬಿಡಲ್ಲ. "ನಾವು ಯಾರಿಗೆ ದುಡ್ಡು ಕೊಟ್ಟಿದ್ದೇವೋ ಅವರಿಗೆ ಇದು ಗೊತ್ತಿರುತ್ತಾ?" ಅಂತ ಕೇಳಿದೆ. "ಖಂಡಿತ ಗೊತ್ತಿರುತ್ತೆ" ಅಂದ್ರು.

ಹೊರಗೆ ಆರ್ಸೆನಲ್‌ನ ಹಳೇ ಆಟಗಾರ ಥಿಯರಿ ಹೆನ್ರಿ ಮೊಣಕಾಲೂರಿ ಜಾರ್ತಾ ಇರೋ ಪ್ರತಿಮೆ ಇದೆ, ಅದರ ಹತ್ರ ಕಟ್ಟೆ ಮೇಲೆ ಕೂತ್ವಿ. ಮ್ಯಾಚ್ ಶುರುವಾಯ್ತು. ಅರವತ್ತು ಸಾವಿರ ಜನ ಒಟ್ಟಿಗೆ ಕೂಗಿದ್ದು ಎದೆಯೊಳಗೆ ಬಡಿದಂಗಾಯ್ತು. ಮಗ ಫೋನ್ ತೆಗೆದು ನೋಡಿ, "ಗೋಲ್" ಅಂದ. ಅಷ್ಟೇ ಅಂದ.

ಅಲ್ಲೇ ಕೂತು ಏಜೆಂಟಿಗೆ ಮೆಸೇಜ್ ಹಾಕಿದೆ. ನೀಲಿ ಟಿಕ್ ಬಿತ್ತು, ಉತ್ತರ ಇಲ್ಲ. ಹತ್ತು ಸಲ ಫೋನ್ ಮಾಡಿದ ಮೇಲೆ ಎತ್ತಿದ. ಅವನ ಮಾತುಗಳನ್ನ ಹಾಗೇ ಬರೀತೀನಿ.

"ಬೇರೆ ಗೇಟಲ್ಲಿ ಟ್ರೈ ಮಾಡಿ ಮೇಡಂ."

"ನೀವು ಇಂಗ್ಲಿಷಲ್ಲಿ ಸರಿಯಾಗಿ ಮಾತಾಡ್ಲಿಲ್ಲ ಅನ್ಸುತ್ತೆ."

"ಮಗನಿಗೆ ಹೆಸರು ಹೇಳ್ಕೊಡಿ ಅಂತ ಹೇಳಿದ್ನಲ್ಲ ಮೇಡಂ. ಹುಡುಗ ಬಾಯಿ ಬಿಟ್ಟಿದ್ದಕ್ಕೆ ನಾನೇನು ಮಾಡ್ಲಿ?"

ಮೂರನೇ ಮಾತಿಗೆ ನಮ್ಮ ಮನೆಯವರು ಫೋನ್ ಕಿತ್ಕೊಂಡ್ರು. ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನ ನಾನು ಮದುವೆಯಾದಾಗಿಂದ ನೋಡಿರ್ಲಿಲ್ಲ. ನನ್ನ ಮಗ ನಿಜ ಹೇಳಿದ್ದು ತಪ್ಪಂತೆ! ಅವತ್ತು ಅಲ್ಲಿ ಸರಿಯಾಗಿ ನಡ್ಕೊಂಡಿದ್ದು ಅವನೊಬ್ಬನೇ.

ಹೋಟೆಲಿಗೆ ಬಂದಾಗ ಅತ್ತೆ ಬಾಗಿಲು ತೆಗೆದು, "ಇಷ್ಟು ಬೇಗ ಮುಗೀತಾ?" ಅಂದ್ರು. ಯಾರೂ ಮಾತಾಡ್ಲಿಲ್ಲ. ಮಗ "ಹೂಂ ಅಜ್ಜಿ" ಅಂತ ಹೇಳಿ ಸ್ಕಾರ್ಫ್ ಮಡಚಿ ಚೀಲಕ್ಕೆ ಹಾಕಿದ.

ಊರಿಗೆ ಬಂದ ಮೇಲೆ ದುಡ್ಡು ಕೇಳಿದ್ವಿ. ಒಂದು ವಾರ "ಮೇಲಿನೋರ ಹತ್ರ ಮಾತಾಡ್ತಿದ್ದೀನಿ." ಎರಡನೇ ವಾರ "ಟಿಕೆಟ್ ಕಳಿಸಿದ್ದೀವಿ, ಸರ್ವಿಸ್ ಆಗಿದೆ. ಒಳಗೆ ಬಿಡೋದು ಬಿಡದೇ ಇರೋದು ಅವ್ರಿಷ್ಟ." ಉಳಿದೆರಡು ಟಿಕೆಟ್ ಕಳಿಸಲೇ ಇಲ್ವಲ್ಲಪ್ಪ ಅಂದ್ರೆ ಅದಕ್ಕೆ ಉತ್ತರವೇ ಇಲ್ಲ. ಮೂರನೇ ವಾರ "ಗುಡ್‌ವಿಲ್ ಅಂತ 10,000 ಕೊಡ್ತೀವಿ, ಎಲ್ಲೂ ಬರೀಬೇಡಿ." ಬೇಡ ಅಂದೆ. ಬ್ಲಾಕ್ ಮಾಡಿದ. ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಿ, ಈಗ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಟ್ಟಿದ್ದೀವಿ. ಬಿಲ್ ಇಲ್ಲ, ಹಾಗಾಗಿ ಯುಪಿಐ ದಾಖಲೆ, ವಾಟ್ಸಾಪ್ ಮಾತು, ಇವೇ ಆಧಾರ. ಏನೂ ಅಳಿಸಬೇಡಿ ಅಂತ ವಕೀಲರು ಹೇಳಿದ್ದಾರೆ. ನೀವೂ ಅಳಿಸಬೇಡಿ.

ಹೋಗೋರಿಗೆ ನಾನು ಹೇಳೋದು ಇಷ್ಟೇ. ಕ್ಲಬ್ಬಿನ ಸ್ವಂತ ವೆಬ್‌ಸೈಟ್ ಬಿಟ್ಟು ಬೇರೆ ಯಾರ ಹತ್ರಾನೂ ಟಿಕೆಟ್ ತಗೋಬೇಡಿ, ಪರಿಚಯದವರ ಪರಿಚಯ ಅಂದ್ರೂ ಬೇಡ. ಟಿಕೆಟ್ಟು ನಿಮ್ಮ ಹೆಸರಲ್ಲಿ ಬರದಿದ್ರೆ ಅದು ನಿಮ್ಮ ಟಿಕೆಟ್ಟಲ್ಲ. ಮ್ಯಾಚಿನ ವಾರ ಪೂರ್ತಿ ಖಾಲಿ ಇಟ್ಕೊಂಡು ವಿಮಾನ ಬುಕ್ ಮಾಡಿ. ದೊಡ್ಡ ಕ್ಲಬ್ಬಿನ ಟಿಕೆಟ್ ಸಿಗಲಿಲ್ಲ ಅಂದ್ರೆ ಆರ್ಸೆನಲ್ ಹೆಣ್ಣುಮಕ್ಕಳ ತಂಡ ಅದೇ ಎಮಿರೇಟ್ಸ್‌ನಲ್ಲಿ ಆಡುತ್ತೆ, ಟಿಕೆಟ್ ಸುಲಭವಾಗಿ, ಕಡಿಮೆ ದುಡ್ಡಿಗೆ ಸಿಗುತ್ತೆ. ಲೇಟನ್ ಓರಿಯಂಟ್ ಥರದ ಸಣ್ಣ ಕ್ಲಬ್‌ಗಳೂ ಲಂಡನ್ನಲ್ಲೇ ಇವೆ. ಇದನ್ನ ಹೋಗೋ ಮುಂಚೆ ಒಬ್ಬರಾದ್ರೂ ನಮಗೆ ಹೇಳಿದ್ರೆ ನನ್ನ ಮಗ ಒಳಗೆ ಕೂತಿರ್ತಿದ್ದ.

ಮೊನ್ನೆ ನಮ್ಮ ಮೈದುನ ಒಂದು ಸ್ಕ್ರೀನ್‌ಶಾಟ್ ಕಳಿಸಿದ. ಆ ಏಜೆಂಟಿನ ವಾಟ್ಸಾಪ್ ಸ್ಟೇಟಸ್. "ಹೊಸ ಸೀಸನ್ ಟಿಕೆಟ್, ಕೆಲವೇ ಸೀಟು, ನಮ್ಮ ಸಂತೃಪ್ತ ಕುಟುಂಬಗಳು" ಅಂತ ಬರೆದು ಕೆಳಗೆ ಒಂದು ಫೋಟೊ ಹಾಕಿದ್ದಾನೆ. ದೊಡ್ಡ ಅಕ್ಷರಗಳ ಮುಂದೆ ನಾಲ್ಕು ಜನ, ಮಧ್ಯದಲ್ಲಿ ಕೆಂಪು ಸ್ಕಾರ್ಫ್ ಸುತ್ತಿಕೊಂಡು ಹಲ್ಲು ಬಿಡ್ತಾ ನಿಂತಿರೋ ಹುಡುಗ. ಆ ಫೋಟೊ ನಿಮ್ಮ ಕಣ್ಣಿಗೆ ಬಿದ್ರೆ ತಿಳ್ಕೊಳ್ಳಿ, ಅದು ನಾವು. ನಾವು ಒಳಗೆ ಹೋಗಲಿಲ್ಲ.