ಅರ್ಧ ಗಂಟೆಯಲ್ಲಿ ‘ಒರಿಜಿನಲ್’ ಬ್ಯಾಟರಿ: ನನ್ನ ಫೋನಿಗೆ ಆದದ್ದು ನಿಮ್ಮದಕ್ಕೆ ಆಗದಿರಲಿ

ಹಳೆಯ ಫೋನಿಗೆ ಹೊಸ ಬ್ಯಾಟರಿ ಹಾಕಿಸುವುದೋ, ಫೋನನ್ನೇ ಬದಲಿಸುವುದೋ ಎಂದು ಯೋಚಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬಿಲ್ ಕೊಡದ, ಹಾಕಲಿರುವ ಬ್ಯಾಟರಿಯನ್ನು ಮೊದಲು ನಿಮ್ಮ ಕೈಗೆ ಕೊಟ್ಟು ತೋರಿಸದ ಅಂಗಡಿಯಲ್ಲಿ ಫೋನ್ ಬಿಚ್ಚಿಸಬೇಡಿ. 1,400 ರೂಪಾಯಿಯ ಒಂದು ಬ್ಯಾಟರಿ ಚೆನ್ನಾಗಿದ್ದ ನನ್ನ ಫೋನನ್ನು ಕೆಲವೇ ತಿಂಗಳಲ್ಲಿ ಕೆಲಸಕ್ಕೆ ಬಾರದಂತೆ ಮಾಡಿತು. ನನಗೆ ಬೇಕಿಲ್ಲದ 18,000 ರೂಪಾಯಿಯ ಹೊಸ ಫೋನನ್ನೂ ಕೊಳ್ಳುವಂತೆ ಮಾಡಿತು.

ನಾನಿರುವುದು ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಫೋನಿನ ಕ್ಯಾಮೆರಾ ಹೇಗಿದೆ, ಪರದೆ ಎಷ್ಟು ಹೊಳೆಯುತ್ತದೆ ಎಂಬುದು ನಮಗೆ ಆಮೇಲಿನ ಮಾತು. ಮಳೆಗಾಲದಲ್ಲಿ ಮರ ಬಿದ್ದು ತಂತಿ ತುಂಡಾದರೆ ಕರೆಂಟು ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ಆಗ ಟಾರ್ಚೂ ಫೋನೇ, ಅಡಿಕೆ ಧಾರಣೆ ತಿಳಿಯುವುದೂ ಫೋನಿನಲ್ಲೇ, ವಯಸ್ಸಾದ ತಂದೆಗೆ ರಾತ್ರಿ ಉಸಿರಾಟದ ತೊಂದರೆಯಾದರೆ ವಾಹನ ಕರೆಸುವುದೂ ಅದರಿಂದಲೇ. ಚಾರ್ಜ್ ನಿಲ್ಲದ ಫೋನ್ ಇಲ್ಲಿ ಅಪಾಯ. ಹಾಗಾಗಿಯೇ ಈ ವಿಷಯದಲ್ಲಿ ನನಗಿಷ್ಟು ಸಿಟ್ಟು.

2022ರಲ್ಲಿ ಕೊಂಡ ಆಂಡ್ರಾಯ್ಡ್ ಫೋನ್ ಅದು, 5,000 ಎಂಎಎಚ್ ಬ್ಯಾಟರಿಯದು. ಮೊದಲೆರಡು ವರ್ಷ ಒಮ್ಮೆ ಚಾರ್ಜ್ ಮಾಡಿದರೆ ಮರುದಿನ ಮಧ್ಯಾಹ್ನದವರೆಗೂ ನಡೆಯುತ್ತಿತ್ತು. 2025ರ ಆರಂಭದ ಹೊತ್ತಿಗೆ ಅದೇ ದಿನದ ಮಧ್ಯಾಹ್ನಕ್ಕೇ ಸೋಲತೊಡಗಿತು. ಅದಕ್ಕಿಂತ ಕಾಡಿದ್ದು, ಶೇ 25 ಇದೆ ಎಂದು ತೋರಿಸುತ್ತಲೇ ಫೋನ್ ಥಟ್ಟನೆ ಸ್ವಿಚ್ ಆಫ್ ಆಗುತ್ತಿದ್ದುದು. ಔಷಧಿ ಅಂಗಡಿಯಲ್ಲಿ ಹಣ ಪಾವತಿಸುವಾಗ, ಟಾರ್ಚ್ ಹಾಕಿಕೊಂಡು ಕರೆ ಮಾಡುವಾಗಲೇ ಹೀಗಾಗುತ್ತಿತ್ತು.

ಈ ಲಕ್ಷಣ ಕಂಡಾಗ ಹೆಚ್ಚಿನವರು ಫೋನೇ ಹೋಯಿತೆಂದು ತಿಳಿಯುತ್ತಾರೆ, ಅಂಗಡಿಯವರೂ ಹಾಗೆಯೇ ಹೇಳುತ್ತಾರೆ. ಹೋಗಿರುವುದು ಸಾಮಾನ್ಯವಾಗಿ ಬ್ಯಾಟರಿ ಮಾತ್ರ. ಲಿಥಿಯಂ ಅಯಾನ್ ಬ್ಯಾಟರಿ ಹಳತಾದಂತೆ ಅದು ಹಿಡಿದಿಡುವ ವಿದ್ಯುತ್ತು ಕಡಿಮೆಯಾಗುತ್ತದೆ, ಜೊತೆಗೆ ಒಳಗಿನ ರೋಧವೂ ಹೆಚ್ಚುತ್ತದೆ. ತೋಟದ ಪೈಪಿನೊಳಗೆ ಪಾಚಿ ಕಟ್ಟಿದರೆ ತೊಟ್ಟಿಯಲ್ಲಿ ನೀರಿದ್ದರೂ ಸ್ಪ್ರಿಂಕ್ಲರ್ ತಿರುಗುವುದಿಲ್ಲವಲ್ಲ, ಇದೂ ಹಾಗೆ. ಫೋನ್ ಒಮ್ಮೆಗೇ ಹೆಚ್ಚು ವಿದ್ಯುತ್ತನ್ನು ಎಳೆದಾಗ ವೋಲ್ಟೇಜ್ ಕುಸಿದು ಎಲ್ಲವೂ ಆರಿಹೋಗುತ್ತದೆ. ಹೀಗೆ ಆರಿಹೋಗುವುದನ್ನು ತಪ್ಪಿಸಲೆಂದೇ ಹಳೆಯ ಐಫೋನ್‌ಗಳ ವೇಗವನ್ನು ಸಾಫ್ಟ್‌ವೇರ್ ಮೂಲಕ ತಗ್ಗಿಸಿದ್ದಾಗಿ ಆ್ಯಪಲ್ ಕಂಪನಿ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಗ್ರಾಹಕರ ಕ್ಷಮೆ ಕೇಳಿ, ಬ್ಯಾಟರಿ ಬದಲಾವಣೆಯ ದರವನ್ನು 79 ಡಾಲರ್‌ನಿಂದ 29ಕ್ಕೆ ಇಳಿಸಿತು. ಫೋನ್ ಮುದಿಯಾಯಿತೆಂದು ಹೊಸದನ್ನು ಕೊಂಡಿದ್ದ ಎಷ್ಟೋ ಜನರಿಗೆ ನಿಜವಾಗಿ ಬೇಕಿದ್ದದ್ದು ಒಂದು ಹೊಸ ಬ್ಯಾಟರಿ ಅಷ್ಟೇ.

ನಾನೂ ಲೆಕ್ಕ ಹಾಕಿದೆ. ನನಗೆ ಒಪ್ಪುವ ಹೊಸ ಫೋನಿನ ಬೆಲೆ 18,000 ರೂಪಾಯಿ. ನಾಲ್ಕು ವರ್ಷ ಬಾಳಿದರೆ ವರ್ಷಕ್ಕೆ 4,500. ಶಿವಮೊಗ್ಗದ ಅಧಿಕೃತ ಸರ್ವಿಸ್ ಸೆಂಟರ್‌ನವರು ಬ್ಯಾಟರಿಗೆ ಕೂಲಿ ಸೇರಿ 2,600 ಹೇಳಿದರು. ಅದರಿಂದ ಇರುವ ಫೋನೇ ಇನ್ನೆರಡು ವರ್ಷ ನಡೆದರೆ ವರ್ಷಕ್ಕೆ 1,300. ಭದ್ರತಾ ಅಪ್‌ಡೇಟ್‌ಗಳೂ 2026ರವರೆಗೆ ಬರುವುದಿತ್ತು. ಈ ಅಪ್‌ಡೇಟ್‌ನ ವಿಷಯವನ್ನು ಎಲ್ಲರೂ ನೋಡಬೇಕು. ಅಪ್‌ಡೇಟ್ ನಿಂತು ವರ್ಷಗಳಾದ ಫೋನಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಕ್ಷೇಮವಲ್ಲ, ಅಂಥ ಫೋನಿಗೆ ಎಷ್ಟು ಒಳ್ಳೆಯ ಬ್ಯಾಟರಿ ಹಾಕಿಸಿದರೂ ದಂಡ. ನನ್ನದು ಹಾಗಿರಲಿಲ್ಲ. ಬ್ಯಾಟರಿ ಹಾಕಿಸುವುದೇ ಸರಿಯೆಂದು ತೀರ್ಮಾನಿಸಿದೆ. ಆ ತೀರ್ಮಾನ ಸರಿಯಾಗಿಯೇ ಇತ್ತು ಎಂದು ಈಗಲೂ ಹೇಳುತ್ತೇನೆ.

ಆದರೆ ಶಿವಮೊಗ್ಗ ನಮಗೆ ಎಪ್ಪತ್ತು ಕಿಲೋಮೀಟರ್ ದೂರ. ಬ್ಯಾಟರಿ ತರಿಸಬೇಕು, ಫೋನನ್ನು ಒಂದು ವಾರ ಬಿಟ್ಟುಹೋಗಬೇಕು ಎಂದರು. ಮನೆಯಲ್ಲಿ ಹುಷಾರಿಲ್ಲದ ತಂದೆ ಇರುವಾಗ ವಾರವಿಡೀ ಫೋನಿಲ್ಲದೆ ಇರುವುದು ಆಗದ ಮಾತು. ಆಗ ಪೇಟೆಯ ರಿಪೇರಿ ಅಂಗಡಿಯವರು ಹೇಳಿದ್ದು: “ಕಂಪನಿಯದೇ ಒರಿಜಿನಲ್ ಸರ್, 1,400 ರೂಪಾಯಿ. ಆರು ತಿಂಗಳು ಗ್ಯಾರಂಟಿ. ಕಾಫಿ ಕುಡಿದು ಬನ್ನಿ, ಅರ್ಧ ಗಂಟೆಯಲ್ಲಿ ರೆಡಿ ಇರುತ್ತದೆ.” ಬಿಲ್ ಕೇಳಿದಾಗ ತಮ್ಮ ವಿಸಿಟಿಂಗ್ ಕಾರ್ಡಿನ ಹಿಂದೆ ತಾರೀಖು ಬರೆದು, “ಇದೇ ಸಾಕು, ನಾವೆಲ್ಲಿ ಓಡಿಹೋಗುತ್ತೇವೆ” ಎಂದರು. ಹಳೆಯ ಬ್ಯಾಟರಿಯನ್ನು ವಾಪಸು ಕೊಡಲಿಲ್ಲ. ಅದನ್ನು ಯಾಕೆ ಇಟ್ಟುಕೊಳ್ಳುತ್ತಾರೆಂಬುದು ಆಮೇಲೆ ತಿಳಿಯಿತು.

ಮೊದಲ ಕೆಲವು ವಾರ ಚೆನ್ನಾಗಿಯೇ ಇತ್ತು. ನಂತರ ಶೇ 40 ಇದ್ದದ್ದು ನೋಡುನೋಡುತ್ತಲೇ 12ಕ್ಕೆ ಇಳಿಯುವುದು, ಚಾರ್ಜಿಗೆ ಹಾಕಿದಾಗ ಹಿಡಿಯಲಾಗದಷ್ಟು ಬಿಸಿಯಾಗುವುದು ಶುರುವಾಯಿತು. ಅಂಗಡಿಗೆ ಹೋದರೆ “ಹೊಸತು, ಹೊಂದಿಕೊಳ್ಳುತ್ತದೆ” ಎಂಬ ಉತ್ತರ. ಜುಲೈ ಮಳೆಯಲ್ಲಿ ಒಂದು ಬೆಳಗ್ಗೆ ನೋಡಿದರೆ ಹಿಂಬದಿಯ ಕವಚ ಒಂದು ಅಂಚಿನಲ್ಲಿ ಎದ್ದು ನಿಂತಿತ್ತು, ಪರದೆಯ ನಡುವೆ ಹಳದಿ ಕಲೆ ಮೂಡಿತ್ತು. ಬ್ಯಾಟರಿ ಊದಿಕೊಂಡು ಒಳಗಿನಿಂದ ಎರಡೂ ಕಡೆ ಒತ್ತುತ್ತಿತ್ತು. ಆ ಫೋನ್ ಹಿಂದಿನ ರಾತ್ರಿಯಿಡೀ ತಂದೆಯ ಹಾಸಿಗೆಯ ಪಕ್ಕದಲ್ಲಿ ಚಾರ್ಜಿಗಿತ್ತು. ಇದನ್ನು ಬರೆಯುವಾಗಲೂ ಕೈ ನಡುಗುತ್ತದೆ.

ಅಂಗಡಿಯವರು ಫೋನನ್ನು ಮುಟ್ಟಲೂ ಇಲ್ಲ. ಬೇರೆ ಚಾರ್ಜರ್ ಹಾಕಿದ್ದೀರಿ, ನೀರು ತಾಗಿಸಿದ್ದೀರಿ, ಗ್ಯಾರಂಟಿ ಅನ್ವಯಿಸುವುದಿಲ್ಲ ಎಂದುಬಿಟ್ಟರು. ಫೋನಿನ ಜೊತೆ ಬಂದ ಚಾರ್ಜರನ್ನೇ ಮೇಜಿನ ಮೇಲಿಟ್ಟು ತೋರಿಸಿದರೂ ಮಾತು ಬದಲಾಗಲಿಲ್ಲ.

ಶಿವಮೊಗ್ಗದ ಸರ್ವಿಸ್ ಸೆಂಟರ್‌ನ ತಂತ್ರಜ್ಞರು ಫೋನನ್ನು ನನ್ನೆದುರೇ ಬಿಚ್ಚಿದರು. ಒಳಗಿದ್ದದ್ದು ಯಾವುದೋ ಹೆಸರಿಲ್ಲದ ಸೆಲ್. ಅದಕ್ಕೆ ಕಂಪನಿಯ ಹಳೆಯ ಬ್ಯಾಟರಿಯೊಂದರ ಪುಟ್ಟ ನಿಯಂತ್ರಣ ಬೋರ್ಡನ್ನು ಕಿತ್ತು ಬೆಸುಗೆ ಹಾಕಿ, ಮೇಲೆ ಕಂಪನಿಯ ಸ್ಟಿಕ್ಕರ್ ಅಂಟಿಸಿದ್ದರು. ಹಳೆಯ ಬ್ಯಾಟರಿಗಳನ್ನು ಇಟ್ಟುಕೊಳ್ಳುವುದು ಇದಕ್ಕಂತೆ. ಎಷ್ಟು ಚಾರ್ಜ್ ಉಳಿದಿದೆಯೆಂದು ಅಳೆಯುವುದು ಆ ಬೋರ್ಡ್. ಒಂದು ಸೆಲ್‌ಗೆಂದು ಹೊಂದಿಸಿದ ಬೋರ್ಡನ್ನು ಇನ್ನೊಂದಕ್ಕೆ ಹಾಕಿದರೆ ಶೇಕಡಾ ಲೆಕ್ಕ ಹುಚ್ಚುಹುಚ್ಚಾಗಿ ಕುಣಿಯುತ್ತದೆ. ಶಾಖ ಹರಡಲೆಂದು ಇರುವ ತೆಳುಹಾಳೆ ಹರಿದಿತ್ತು, ನೀರು ನುಗ್ಗದಂತೆ ಕವಚದ ಸುತ್ತ ಇರಬೇಕಾದ ಅಂಟು ಇರಲೇ ಇಲ್ಲ. ಕಳಪೆ ಸೆಲ್‌ನಲ್ಲಿ ಶಾಖಕ್ಕೆ ಒಳಗಿನ ಎಲೆಕ್ಟ್ರೋಲೈಟ್ ಎಂಬ ದ್ರವ ಒಡೆದು ಅನಿಲವಾಗುತ್ತದೆ, ಊತಕ್ಕೆ ಅದೇ ಕಾರಣ ಎಂದು ವಿವರಿಸಿದರು. ಚುಚ್ಚಿದರೆ, ಬಾಗಿದರೆ ಹೊತ್ತಿಕೊಳ್ಳಬಹುದು.

ಭಾರತದಲ್ಲಿ ಮಾರುವ ಫೋನ್ ಬ್ಯಾಟರಿಗಳಿಗೆ ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ ಬೇಕು. ಬ್ಯಾಟರಿಯ ಮೇಲೆ ಐಎಸ್ 16046 ಎಂಬ ಮಾನಕವೂ ‘ಆರ್’ ಅಕ್ಷರದಿಂದ ಶುರುವಾಗುವ ಎಂಟಂಕಿಯ ನೋಂದಣಿ ಸಂಖ್ಯೆಯೂ ಇರುತ್ತವೆ. ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಯಾರ, ಯಾವ ವಸ್ತುವಿಗೆ ಕೊಟ್ಟದ್ದೆಂದು ತಿಳಿಯುತ್ತದೆ. ನನ್ನ ಫೋನಿನಿಂದ ತೆಗೆದ ಸ್ಟಿಕ್ಕರಿನ ಸಂಖ್ಯೆ ಬ್ಯಾಟರಿಯದ್ದೇ ಆಗಿರಲಿಲ್ಲ. ಎರಡು ನಿಮಿಷದ ಕೆಲಸ ಇದು. ಬ್ಯಾಟರಿ ಫೋನಿನೊಳಗೆ ಸೇರುವ ಮೊದಲೇ ಮಾಡಬೇಕು, ಸೇರಿದ ಮೇಲೆ ನೋಡುವ ದಾರಿಯಿಲ್ಲ.

ಪರದೆ, ಬ್ಯಾಟರಿ, ಹಿಂಬದಿ ಕವಚ ಸೇರಿ ದುರಸ್ತಿಗೆ 9,800 ರೂಪಾಯಿ ಆಗುತ್ತದೆಂದು ಬರೆದುಕೊಟ್ಟರು. ಫೋನಿಗೇ ಅಷ್ಟು ಬೆಲೆ ಉಳಿದಿರಲಿಲ್ಲ. ಫೆಬ್ರುವರಿಯಲ್ಲಿ ಎಕ್ಸ್‌ಚೇಂಜ್‌ಗೆ 5,500 ತೋರಿಸಿದ್ದ ಫೋನನ್ನು ಈಗ ಯಾರೂ ತೆಗೆದುಕೊಳ್ಳಲು ಒಪ್ಪಲಿಲ್ಲ. ಊದಿದ ಬ್ಯಾಟರಿ, ಕಲೆ ಬಿದ್ದ ಪರದೆ ಎಂದರೆ ಅಲ್ಲಿಗೆ ಮುಗಿಯಿತು. ಹೀಗೆ ಬೇಡವೆಂದಿದ್ದ ಹೊಸ ಫೋನನ್ನು ಅವಸರದಲ್ಲಿ ಕೊಳ್ಳಬೇಕಾಯಿತು.

ಅಲ್ಲೂ ಒಂದು ಎಚ್ಚರಿಕೆ ಹೇಳಬೇಕು. ಕ್ರೆಡಿಟ್ ಕಾರ್ಡಿನಲ್ಲಿ ತಿಂಗಳಿಗೆ 3,000ದಂತೆ ಆರು ಕಂತು, ಬಡ್ಡಿಯೇ ಇಲ್ಲ ಎಂದು ಮಾರಾಟಗಾರರು ಹೇಳಿದರು. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ಭಾರತೀಯ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಸ್ಪಷ್ಟಪಡಿಸಿದೆ. ಈಗ ನಡೆಯುವುದೇನೆಂದರೆ ಬ್ಯಾಂಕ್ ಬಡ್ಡಿ ಹಾಕುತ್ತದೆ, ಅಷ್ಟನ್ನು ಬೆಲೆಯಲ್ಲಿ ರಿಯಾಯಿತಿ ಎಂದು ಕಳೆದಿರುತ್ತಾರೆ. ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ ಮಾತ್ರ ನಮ್ಮ ಮೇಲೆಯೇ ಬೀಳುತ್ತದೆ. ಸುಮಾರು 760 ರೂಪಾಯಿ ಬಡ್ಡಿಗೆ 137 ರೂಪಾಯಿ ತೆರಿಗೆ, ಸಂಸ್ಕರಣಾ ಶುಲ್ಕ 199, ಅದಕ್ಕೂ ತೆರಿಗೆ. ಒಟ್ಟು 370 ರೂಪಾಯಿ ದಾಟಿತು. ದೊಡ್ಡ ಮೊತ್ತವಲ್ಲದಿರಬಹುದು, ಆದರೆ ಬಿಲ್ ಮಾಡುವಾಗ ಅದನ್ನು ಒಬ್ಬರೂ ಹೇಳಲಿಲ್ಲ.

ಇನ್ನು ದೂರಿನ ವಿಷಯ. ಬಿಲ್ ಅಥವಾ ರಸೀದಿ ಕೊಡದಿರುವುದೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ. ಅದು ಫಲಿಸದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹೋಗಬೇಕು. ನನ್ನ ಬಳಿ ಇರುವುದು ಯುಪಿಐ ಪಾವತಿಯ ದಾಖಲೆ, ತಾರೀಖು ಬರೆದ ಕಾರ್ಡು, ಸರ್ವಿಸ್ ಸೆಂಟರ್‌ನ ಲಿಖಿತ ವರದಿ. ನಗದು ಕೊಟ್ಟಿದ್ದರೆ ಮೊದಲನೆಯದೂ ಇರುತ್ತಿರಲಿಲ್ಲ. ರಿಪೇರಿಗೆ ಹಣ ಕೊಡುವಾಗ ಯುಪಿಐ ಅಥವಾ ಕಾರ್ಡ್ ಮೂಲಕವೇ ಕೊಡಿ.

ಎಲ್ಲ ರಿಪೇರಿ ಅಂಗಡಿಗಳೂ ಹೀಗಿರುತ್ತವೆಂದು ನಾನು ಹೇಳುತ್ತಿಲ್ಲ. ನಮ್ಮ ಊರುಗಳಿಗೆ ಅವು ಬೇಕೇ ಬೇಕು. ಬಿಲ್ ಬರೆದು, ನೋಂದಣಿ ಸಂಖ್ಯೆ ತೋರಿಸಿ, ಹಳೆಯ ಬ್ಯಾಟರಿಯನ್ನು ಕೈಗೆ ಕೊಡುವವರನ್ನು ಹುಡುಕಿ. ಪರೀಕ್ಷಿಸಬೇಕೆಂದು ಫೋನಿನ ಪಿನ್ ಕೇಳಿದರೆ ಕೊಡಬೇಡಿ, ಬೀಗ ತೆಗೆದುಕೊಟ್ಟು ಎದುರಿಗೇ ನಿಂತುಕೊಳ್ಳಿ. ಸ್ಯಾಮ್‌ಸಂಗ್ ಮತ್ತು ಗೂಗಲ್ ಪಿಕ್ಸೆಲ್‌ನ ಹಲವು ಫೋನ್‌ಗಳಲ್ಲಿ ದುರಸ್ತಿಗೆಂದೇ ನಿಮ್ಮ ಚಿತ್ರ, ಸಂದೇಶಗಳನ್ನು ಮರೆಮಾಡುವ ವ್ಯವಸ್ಥೆಯಿದೆ, ಅದನ್ನು ಬಳಸಿ. ಅಧಿಕೃತ ಕೇಂದ್ರದಲ್ಲಿ ವಾರ ಕಾಯಬೇಕೆಂದರೆ, ಫೋನ್ ಬಿಡದೆ ಮೊದಲೇ ಬ್ಯಾಟರಿ ತರಿಸಿಡಲು ಆಗುತ್ತದೆಯೇ ಎಂದು ಕೇಳಿ. ಮುಂಗಡ ಕಟ್ಟಿದರೆ ತರಿಸಿಡುತ್ತೇವೆಂದು ಅದೇ ಶಿವಮೊಗ್ಗದ ಕೇಂದ್ರದವರು ನನಗೆ ಜುಲೈನಲ್ಲಿ ಹೇಳಿದರು. ಮಾರ್ಚ್‌ನಲ್ಲಿ ನಾನು ವಿಚಾರಿಸಿದಾಗ ಫೋನ್ ಎತ್ತಿದವರು ಈ ಒಂದು ಮಾತನ್ನು ಹೇಳಿರಲಿಲ್ಲ.

ಕಳೆದ ಒಂದು ವರ್ಷದಲ್ಲಿ ಹೊರಗಿನ ಅಂಗಡಿಯಲ್ಲಿ ಬ್ಯಾಟರಿ ಹಾಕಿಸಿಕೊಂಡವರು ಇವತ್ತೇ ಒಂದು ಪರೀಕ್ಷೆ ಮಾಡಿ. ಫೋನಿನ ಮೇಲುಹೊದಿಕೆ ತೆಗೆದು ಸಮತಟ್ಟಾದ ಮೇಜಿನ ಮೇಲೆ ಪರದೆ ಕೆಳಗಾಗಿ, ಆಮೇಲೆ ಮೇಲಾಗಿ ಇಟ್ಟು ನೋಡಿ. ಕ್ಯಾಮೆರಾದ ಉಬ್ಬಿನಿಂದಲ್ಲದೆ ಅಲುಗಾಡಿದರೆ, ಮೆಲ್ಲಗೆ ತಳ್ಳಿದಾಗ ಬುಗುರಿಯಂತೆ ಸುತ್ತಿದರೆ, ಅಂಚಿನಲ್ಲಿ ಬಿರುಕು ಕಂಡರೆ ಚಾರ್ಜಿಗೆ ಹಾಕಬೇಡಿ. ಒತ್ತಿ ಮುಚ್ಚಲು ಹೋಗಬೇಡಿ. ಸ್ವಿಚ್ ಆಫ್ ಮಾಡಿ, ಹಾಸಿಗೆ ಬಟ್ಟೆಗಳಿಂದ ದೂರ, ಸಿಮೆಂಟು ನೆಲದ ಮೇಲಿಟ್ಟು, ಮರುದಿನವೇ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ತೆಗೆದ ಬ್ಯಾಟರಿಯನ್ನು ಕಸದ ಬುಟ್ಟಿಗೂ ಒಲೆಗೂ ಹಾಕಬೇಡಿ, ಅಲ್ಲೇ ಕೊಟ್ಟುಬನ್ನಿ.